ಮೂರು ಗೆರೆಯ ಅಳಿಲು

ರಾಧಾಮಣಿಯವರನ್ನು ನಾನು ಮೊದಲ ಸಲ ಕಂಡದ್ದು ಉರಿಗಾಂನ ಒಂದು ಲೈನ್ ಮನೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತು ದಾಟಿದ ಮೇಲೆ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಒಂದೊಂದೇ ಕೋಣೆಯ ಮನೆಗಳು ಅವು. ಓಣಿ ಕಿರಿದಾಗಿದ್ದುದರಿಂದ ಜೀಪನ್ನು ನೀರಿನ ಟ್ಯಾಂಕಿನ ಹತ್ತಿರ ನಿಲ್ಲಿಸಿ ನಡೆದು ಹೋದೆವು. ಮುಂದೆ ಬೆಂಗಳೂರಿನಿಂದ ಬಂದಿದ್ದ ಕೋರ್ಟ್ ಕಮಿಷನರ್ ವಿಜಯಕುಮಾರ್, ಅವರ ಪಕ್ಕದಲ್ಲಿ ಒಂದು ಸ್ಕೂಲ್ ಬ್ಯಾಗ್ ಕಂಪನಿಯ ಪ್ರತಿನಿಧಿ, ಹಿಂದೆ ಇಬ್ಬರು ಕಾನ್‌ಸ್ಟೇಬಲ್‌ಗಳು, ಕೊನೆಯಲ್ಲಿ ನಾನು. ನಾನು ಆಗಷ್ಟೇ ಕಾನೂನು ಓದಿ ಮುಗಿಸಿ ಬಂಗಾರಪೇಟೆಯ ವಕೀಲ ಕೋದಂಡಪ್ಪನವರ ಕಚೇರಿಗೆ ಸೇರಿದ್ದೆ. ವಿಜಯಕುಮಾರ್ ಅವರಿಗೆ ತಮಿಳು ಬರುತ್ತಿರಲಿಲ್ಲ, ಇಲ್ಲಿನ ಮೂರು ಭಾಷೆ ಬೆರೆತ ಮಾತು ತಿಳಿಯುತ್ತಿರಲಿಲ್ಲ. ಮಾತು ತಿಳಿಸಲು ಯಾರಾದರೂ ಬೇಕೆಂದು ಕೇಳಿದ್ದಕ್ಕೆ ಕೋದಂಡಪ್ಪನವರು ನನ್ನನ್ನು ಕಳಿಸಿದ್ದರು.

ಓಣಿಯ ಅರ್ಧಕ್ಕೆ ಬರುವಾಗ ಹೊಲಿಗೆ ಮಿಷನ್‌ಗಳ ಸದ್ದು ಕೇಳಿಸಿತು. ಒಂದರದ್ದಲ್ಲ, ಹಲವು ಮಿಷನ್‌ಗಳ ಸದ್ದು ಒಂದರ ಮೇಲೊಂದು ಬೀಳುತ್ತಿತ್ತು. ಯಾವುದೋ ಮನೆಯ ಜಗಲಿಯಲ್ಲಿದ್ದ ಮಗು ಪೊಲೀಸರನ್ನು ಕಂಡು ಒಳಗೆ ಓಡಿತು. ನಾವು ಬಾಗಿಲು ಮುಟ್ಟುವಷ್ಟರಲ್ಲಿ ಒಂದೇ ಒಂದು ಮಿಷನ್ ಓಡುತ್ತಿತ್ತು.

ಬಾಗಿಲಿಗೆ ಬ್ಯಾಗಿನ ಒಳಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಪರದೆ ಇತ್ತು. ಅದನ್ನು ಸರಿಸಿದಾಗ ಐವತ್ತರ ಆಸುಪಾಸಿನ ಹೆಂಗಸು ಮಿಷನ್ ತುಳಿಯುವುದನ್ನು ನಿಲ್ಲಿಸಿ ನಮ್ಮನ್ನು ನೋಡಿದರು. ತೆಳ್ಳಗಿನ ಮೈ, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ಕೂದಲು, ರವಿಕೆಗೆ ಸಿಕ್ಕಿಸಿಕೊಂಡ ಸೂಜಿಗಳು.

“ಬನ್ನಿ ಸಾರ್. ಚಪ್ಲಿ ಆಚೆ ಬುಡಿ, ಬಟ್ಟೆ ಬಿದ್ದೈತೆ,” ಎಂದರು.

ನಾವೆಲ್ಲರೂ ಚಪ್ಪಲಿ ಬಿಟ್ಟೆವು. ಕಾನ್‌ಸ್ಟೇಬಲ್‌ಗಳು ಬೂಟು ಬಿಚ್ಚಲಾರದೆ ಹೊಸ್ತಿಲಲ್ಲೇ ನಿಂತರು.

ಒಳಗೆ ನಾಲ್ಕು ಮಿಷನ್‌ಗಳಿದ್ದವು. ಮೂರರ ಸೂಜಿಯ ಕೆಳಗೆ ಅರ್ಧ ಹೊಲಿದ ಬ್ಯಾಗು ಹಾಗೇ ಸಿಕ್ಕಿಕೊಂಡಿತ್ತು. ಕಿಟಕಿಯ ಕಟ್ಟೆಯ ಮೇಲೆ ನಾಲ್ಕು ಲೋಟ ಕಾಫಿ, ಇನ್ನೂ ಹಬೆ ಆಡುತ್ತಿತ್ತು. ಹಿಂದಿನ ಬಾಗಿಲು ಅರ್ಧ ತೆರೆದಿತ್ತು. ಮಿಕ್ಕ ಜಾಗದಲ್ಲೆಲ್ಲ ಸೊಂಟದೆತ್ತರಕ್ಕೆ ಸ್ಕೂಲ್ ಬ್ಯಾಗುಗಳು.

“ಇಲ್ಲಿ ಇನ್ನು ಯಾರ್ಯಾರು ಹೊಲೀತಾರೆ?” ಎಂದು ವಿಜಯಕುಮಾರ್ ಕೇಳಿದರು.

“ನಾನೊಬ್ಳೇ ಸಾರ್.”

“ನಾಲ್ಕು ಮಿಷನ್ ಇದೆಯಲ್ಲ?”

“ಒಂದು ಕೆಟ್ಟೋದ್ರೆ ಇನ್ನೊಂದು ಇರ್ಲಿ ಅಂತ.”

“ನಾಲ್ಕು ಲೋಟ ಕಾಫಿ?”

“ನಂಗೆ ಕಾಫಿ ಜಾಸ್ತಿ ಸಾರ್.”

ಹೊಸ್ತಿಲಲ್ಲಿದ್ದ ಕಾನ್‌ಸ್ಟೇಬಲ್ ಮುಖ ತಿರುಗಿಸಿ ನಕ್ಕ. ವಿಜಯಕುಮಾರ್ ಹಿಂದಿನ ಬಾಗಿಲನ್ನು ಒಮ್ಮೆ ನೋಡಿದರು. ಕೋರ್ಟು ಅವರಿಗೆ ಕೊಟ್ಟಿದ್ದ ಅಧಿಕಾರ ಆ ಮನೆಯ ಗೋಡೆಗಳ ಒಳಗೆ ಮಾತ್ರ. ತಾವು ಕಂಡದ್ದನ್ನೂ ಆಕೆ ಹೇಳಿದ್ದನ್ನೂ ಬರೆದುಕೊಂಡರು: ಮಿಷನ್ ನಾಲ್ಕು, ಹೊಲಿಯುವವರು ಒಬ್ಬರು.

ನಾವು ಅಲ್ಲಿಗೆ ಹೋದ ಕಾರಣ ಒಂದು ಅಳಿಲು. ಆ ಕಂಪನಿಯ ಬ್ಯಾಗುಗಳ ಮೇಲೆ ಅಳಿಲಿನ ಗುರುತಿರುತ್ತದೆ. ಗುರುತನ್ನು ಕಂಪನಿ ತನ್ನ ಹೆಸರಿಗೆ ನೋಂದಾಯಿಸಿಕೊಂಡಿದೆ. ಬೇರೆ ಯಾರೂ ಹಾಕುವಂತಿಲ್ಲ. ಹಾಕಿದವರ ಮೇಲೆ ಕಂಪನಿ ಬೆಂಗಳೂರಿನಲ್ಲಿ ದಾವೆ ಹೂಡಿತ್ತು. ಇಂಥ ದಾವೆಗಳಲ್ಲಿ ಕೋರ್ಟು ಕೆಲವೊಮ್ಮೆ ಎದುರು ಪಕ್ಷಕ್ಕೆ ಏನೂ ತಿಳಿಸದೆ ಒಬ್ಬ ವಕೀಲರನ್ನು ಕಮಿಷನರ್ ಮಾಡಿ ಕಳಿಸುತ್ತದೆ. ಮೊದಲೇ ತಿಳಿಸಿದರೆ ಸರಕು ಮಾಯವಾಗುತ್ತದೆ ಎಂಬುದು ಇದರ ಹಿಂದಿನ ವಿಚಾರ.

ಪ್ರತಿನಿಧಿ ತಮ್ಮ ಚೀಲದಿಂದ ಅಸಲಿ ಬ್ಯಾಗು ತೆಗೆದು ರಾಧಾಮಣಿಯವರ ಬ್ಯಾಗಿನ ಪಕ್ಕ ಇಟ್ಟರು. ಕಂಪನಿಯ ಅಳಿಲು ಯಾವುದೋ ಬೇರೆ ದೇಶದ್ದು. ಉಬ್ಬಿದ ಬಾಲ, ನುಣುಪಾದ ಕಂದು ಬೆನ್ನು. ರಾಧಾಮಣಿಯವರ ಅಳಿಲೂ ಹಾಗೇ ಕುಳಿತಿತ್ತು, ಕೈಯಲ್ಲಿ ಹಾಗೇ ಕಾಯಿ ಹಿಡಿದಿತ್ತು. ಆದರೆ ಅದರ ಬೆನ್ನ ಮೇಲೆ ಬಿಳಿ ದಾರದಲ್ಲಿ ಮೂರು ಗೆರೆಗಳಿದ್ದವು.

“ಈ ಗೆರೆ ಯಾಕೆ ಹಾಕಿದಿರಿ?” ಎಂದರು ವಿಜಯಕುಮಾರ್. ಅವರಿಗೆ ನಿಜವಾಗಿಯೂ ತಿಳಿಯಬೇಕೆನಿಸಿತ್ತು.

“ಮೊದ್ಲು ಅವರದ್ರಂಗೇ ಮಾಡ್ದೆ ಸಾರ್. ಇಲಿ ಥರ ಕಾಣ್ತು. ಮಕ್ಳು ಬೆನ್ನಿಗೆ ಆಕ್ಕೊಳ್ಳೋ ಬ್ಯಾಗು, ಇಲಿ ಯಾಕೆ? ಅದಕ್ಕೇ ರಾಮ್ರು ಎಳೆದ ಗೆರೆ ಎಳೆದೆ.”

ಪ್ರತಿನಿಧಿ ನಕ್ಕರು. “ಅಮ್ಮಾ, ಈ ಗೆರೆಯಿಂದಲೇ ನೀವು ಸಿಕ್ಕಿದ್ದು. ಬೆಂಗಳೂರು ಕಡೆಯ ನಕಲಿಯಲ್ಲಿ ಗೆರೆ ಇರಲ್ಲ. ಬಂಗಾರಪೇಟೆ ಅಂಗಡೀಲಿ ಗೆರೆ ನೋಡಿದ ಕೂಡಲೇ ಇದು ಇಲ್ಲೇ ಎಲ್ಲೋ ಹೊಲಿದದ್ದು ಅಂತ ಗೊತ್ತಾಯ್ತು.”

ರಾಧಾಮಣಿಯವರು ತಮ್ಮ ಬ್ಯಾಗನ್ನು ಕೈಗೆ ತೆಗೆದುಕೊಂಡು ನೋಡಿದರು. “ಅಳಿಲು ಕಂಪನಿಯೋರ್ದು ಅಂತ ಗೊತ್ತಿತ್ತು ಸಾರ್. ಗೊತ್ತಿರಲಿಲ್ಲ ಅಂತ ಸುಳ್ಳು ಏಳಲ್ಲ,” ಎಂದರು.

ಸಂಜೆಯವರೆಗೆ ಬ್ಯಾಗುಗಳನ್ನು ಎಣಿಸಿ ಹನ್ನೊಂದು ಗೋಣಿಚೀಲಗಳಿಗೆ ತುಂಬಿದೆವು. ಚೀಲದ ಬಾಯಿ ಹೊಲಿದು, ಗಂಟಿನ ಮೇಲೆ ಅರಗು ಕರಗಿಸಿ ಮುದ್ರೆ ಒತ್ತಿದ್ದಾಯಿತು. ಅರಗಿನ ವಾಸನೆ ಮನೆಯೆಲ್ಲ ತುಂಬಿತು. ಇನ್ನು ಪೊಲೀಸರು ಇವನ್ನು ಹೊತ್ತುಕೊಂಡು ಹೋಗುತ್ತಾರೆ ಎಂದು ನಾನೂ ಅಂದುಕೊಂಡಿದ್ದೆ. ಆದರೆ ವಿಜಯಕುಮಾರ್ ಒಂದು ಕಾಗದವನ್ನು ರಾಧಾಮಣಿಯವರ ಮುಂದಿಟ್ಟು ಓದಿ ತಿಳಿಸಲು ನನಗೆ ಹೇಳಿದರು. ಜಪ್ತಿಯಾದ ಸರಕು ಆಕೆಯ ವಶದಲ್ಲೇ, ಇದೇ ಮನೆಯಲ್ಲೇ ಇರಬೇಕು. ಮುದ್ರೆ ಒಡೆಯಬಾರದು, ಬೇರೆಡೆಗೆ ಸಾಗಿಸಬಾರದು, ಕೋರ್ಟು ಕೇಳಿದ ದಿನ ತೋರಿಸಬೇಕು.

ರಾಧಾಮಣಿಯವರು ನನ್ನ ಮುಖ ನೋಡಿ, ತಮಿಳರು ಮಕ್ಕಳನ್ನು ಕರೆಯುವಂತೆ ‘ಕಣ್ಣು’ ಎಂದು ಕರೆದು ಕೇಳಿದರು. “ನನ್ನಿಂದ ಕಿತ್ಕೊಂಡು ನನ್ಗೇ ಕೊಡ್ತಾರಾ ಕಣ್ಣು?”

“ಹೌದಮ್ಮಾ. ಇಟ್ಟುಕೊಳ್ಳೋಕೆ ಅಷ್ಟೇ.”

“ಎಲ್ಲಿವರ್ಗೂ?”

ನಾನು ವಿಜಯಕುಮಾರ್ ಅವರನ್ನು ಕೇಳಿದೆ. ಕೇಸು ಮುಗಿಯುವವರೆಗೆ ಎಂದರು. ಆಕೆ ಸಹಿ ಮಾಡಿದರು. ನಾವು ಹೊರಡುವಾಗ ಕಿಟಕಿಯ ಕಟ್ಟೆಯ ಮೇಲಿನ ಕಾಫಿ ನಾಲ್ಕೂ ಲೋಟಗಳಲ್ಲಿ ಕೆನೆ ಕಟ್ಟಿತ್ತು.

ಒಂದು ವಾರದ ನಂತರ ಅವರು ದಾವೆಯ ಕಾಗದ ಹಿಡಿದುಕೊಂಡು ನಮ್ಮ ಕಚೇರಿಗೆ ಬಂದರು. ಈ ಊರಿನಲ್ಲಿ ಅವರಿಗೆ ಗೊತ್ತಿದ್ದ ವಕೀಲರೆಂದರೆ ನಾನೊಬ್ಬಳೇ. ಕೋದಂಡಪ್ಪನವರು ಕೇಸು ಹಿಡಿಯಲಾಗುವುದಿಲ್ಲ ಎಂದು ನೇರವಾಗಿ ಹೇಳಿದರು. ಅವರ ಜೂನಿಯರ್ ಆದ ನಾನು ಕಮಿಷನರ್ ಜೊತೆ ಹೋಗಿದ್ದೆ. ಈಗ ಈಕೆಯ ಪರ ನಿಲ್ಲುವುದು ಸರಿಯಲ್ಲ. ಬೆಂಗಳೂರಿನಲ್ಲಿ ಉಚಿತ ಕಾನೂನು ನೆರವಿಗೆ ಅರ್ಜಿ ಹಾಕಿಸಿದರು. ಕಾಗದವನ್ನು ಮಾತ್ರ ಸಾಲುಸಾಲಾಗಿ ಓದಿ ಹೇಳಿದರು.

ಒಂದನೇ ಪ್ರತಿವಾದಿ ಕಾಂತರಾಜ್, ಬಂಗಾರಪೇಟೆಯ ಬ್ಯಾಗ್ ಅಂಗಡಿಯವರು. ರಾಧಾಮಣಿಯವರಿಗೆ ಅಸಲಿ ಬ್ಯಾಗೊಂದನ್ನು ಕೊಟ್ಟು ‘ಇದೇ ಥರ ಮಾಡಿಕೊಡಿ, ಅಳಿಲಿದ್ದರೆ ಬೇಗ ಹೋಗುತ್ತೆ’ ಎಂದವರು ಅವರೇ. ಎರಡನೆಯವರು ರಾಧಾಮಣಿ. ಮೂರನೆಯ ಜಾಗದಲ್ಲಿ ಹೆಸರಿರಲಿಲ್ಲ. ‘ಹೆಸರು ತಿಳಿಯದ ಇತರರು’ ಎಂದಿತ್ತು.

“ಇವರು ಯಾರು ಸಾರ್?” ಎಂದು ರಾಧಾಮಣಿ ಕೇಳಿದರು.

“ಅದು ಖಾಲಿ ಕುರ್ಚಿ ತಾಯಿ. ಯಾರು ಸಿಕ್ತಾರೋ ಅವರನ್ನ ಅದರಲ್ಲಿ ಕೂರಿಸ್ತಾರೆ. ನಿಮ್ಮ ಜೊತೆ ಇನ್ಯಾರಾದ್ರೂ ಕೆಲಸ ಮಾಡಿದ್ದು ತಿಳಿದ್ರೆ ಅವರನ್ನೂ ಸೇರಿಸ್ಕೋಬಹುದು, ಕೇಸು ನಡೀತಿರೋ ತನಕ.”

ನಾನು ನಡುವೆ ಬಾಯಿ ಹಾಕಿದೆ. “ಸಾರ್, ಇವರ ಅಳಿಲಿಗೆ ಮೂರು ಗೆರೆ ಇದೆ. ಹಾಗಾದ್ರೆ ಅದು ಬೇರೆ ಅಳಿಲೇ ಅಲ್ವಾ?”

ಕೋದಂಡಪ್ಪನವರು ಕನ್ನಡಕ ತೆಗೆದರು. “ಎರಡು ಬ್ಯಾಗನ್ನ ಪಕ್ಕಪಕ್ಕ ಇಟ್ಟು ನೋಡೋನು ವಕೀಲ ಕಣಮ್ಮ. ಅಂಗಡಿಗೆ ಬರೋನು ನೆನಪಲ್ಲಿ ಇಟ್ಕೊಂಡು ಬರ್ತಾನೆ. ಅವನ ನೆನಪಲ್ಲಿ ಅಳಿಲಿರುತ್ತೆ, ಗೆರೆ ಇರಲ್ಲ. ಕಾನೂನು ನೋಡೋದು ಅವನ ಕಣ್ಣಿಂದ.”

ರಾಧಾಮಣಿಯವರು ಇದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಆ ಮೂರನೆಯ ಜಾಗದ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದರು.

ಆ ಮೂರನೆಯ ಜಾಗದಲ್ಲಿ ಯಾರಿದ್ದರೆಂದು ನನಗೆ ತಿಳಿದದ್ದು ಆಮೇಲೆ. ರಾಧಾಮಣಿಯವರ ಗಂಡ ಗಣಿ ಮುಚ್ಚಿದ ಮೇಲೆ ಬೆಂಗಳೂರಿನಲ್ಲಿ ಕಾವಲು ಕೆಲಸ ಮಾಡಿ, ಎದೆಯ ಕಾಯಿಲೆಯಿಂದ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಆ ವರ್ಷ ಪಕ್ಕದ ಮನೆಯ ಪಾಪಕ್ಕ ತಮ್ಮ ಹೊಲಿಗೆ ಮಿಷನನ್ನು ಹೊತ್ತು ತಂದು ಇವರ ಮನೆಯಲ್ಲಿಟ್ಟು, ‘ನಮ್ಮನೇಲಿ ಜಾಗ ಇಲ್ಲ ಕಣೇ ರಾಧಾ, ಇಲ್ಲೇ ಒಲೀತೀನಿ’ ಎಂದಿದ್ದರು. ಜಾಗವಿಲ್ಲದೇ ಇರಲಿಲ್ಲ. ಆಮೇಲೆ ಎದುರು ಸಾಲಿನ ಸುಮಲತ ಬಂದರು, ಮೂಲೆಮನೆಯ ಸುಕನ್ಯ ಬಂದರು. ಮನೆಗೆಲಸ ಮುಗಿಸಿ ಬಂದು ಸಂಜೆ ನಲ್ಲಿ ನೀರು ಬರುವ ಹೊತ್ತಿನವರೆಗೆ ನಾಲ್ವರೂ ಹೊಲಿಯುತ್ತಿದ್ದರು. ರಾಧಾಮಣಿ ತಮಿಳಿನಲ್ಲಿ ಬೈದರೆ ಪಾಪಕ್ಕ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದರಂತೆ. ಗೆರೆ ಹಾಕಿದ ಮೊದಲ ಅಳಿಲನ್ನು ನೋಡಿ ಪಾಪಕ್ಕ, ‘ಇದು ನಿನ್ನಂಗೇ ಐತೆ ಬುಡೇ, ಬಾಯಲ್ಲಿ ಯಾವಾಗ್ಲೂ ಏನಾರ ಇರಬೇಕು’ ಎಂದಿದ್ದರಂತೆ. ಹತ್ತು ವರ್ಷ ಇದು ನಡೆದಿತ್ತು.

ನಮ್ಮ ಕಚೇರಿಯಿಂದ ಹೋದ ದಿನ ರಾಧಾಮಣಿಯವರು ನೀರಿನ ಟ್ಯಾಂಕಿನ ಹತ್ತಿರ ಮೂವರನ್ನೂ ಕಂಡು, ಇನ್ನು ನಮ್ಮನೆಗೆ ಬರಬೇಡಿ ಎಂದರು.

“ಎಷ್ಟು ದಿನ್ವೇ?” ಎಂದರು ಪಾಪಕ್ಕ.

“ಕೇಸು ಮುಗಿಯೋ ತಂಕ. ಯಾರಾದ್ರೂ ಬಂದು ನೋಡ್ಕೊಂಡು ಓದ್ರೆ ನಿಮ್ಮ ಎಸರು ಬೀಳುತ್ತೆ. ಮಾತೂ ಬೇಡ. ದಾರೀಲಿ ಸಿಕ್ಕಿದ್ರೂ ಬೇಡ.”

“ನಿಂಗೆ ಆಗಲ್ಲ ಕಣೇ. ಎರಡು ದಿನಕ್ಕೆ ಬಾಯಿ ಕೆರೆಯುತ್ತೆ.”

“ಆಗುತ್ತೆ ಓಗು.”

ಮಿಷನ್‌ಗಳು ಜಪ್ತಿಯಾಗಿರಲಿಲ್ಲ. ಒಂದೊಂದಾಗಿ ಅವರ ಮನೆಯ ಗಂಡಸರು ಬಂದು ಹೊತ್ತುಕೊಂಡು ಹೋದರು. ಸಿಮೆಂಟು ನೆಲದ ಮೇಲೆ ಮಿಷನ್ನಿನ ಕಾಲು ಕುಳಿತಿದ್ದ ಕಡೆ ನಾಲ್ಕು ನಾಲ್ಕು ಗುಂಡಿಗಳು ಉಳಿದವು.

ಬೆಂಗಳೂರಿನ ಉಚಿತ ನೆರವಿನ ವಕೀಲರು ವಾಯಿದೆಯ ದಿನಗಳನ್ನು ನನಗೆ ಫೋನಿನಲ್ಲಿ ಹೇಳುತ್ತಿದ್ದರು, ನಾನು ರಾಧಾಮಣಿಯವರಿಗೆ ತಿಳಿಸುತ್ತಿದ್ದೆ. ಫೋನ್ ಮಾಡಿದರೂ ಸಾಕಿತ್ತು. ನಾನು ಬೂದಿಕೋಟೆ ಕಡೆಯ ಹಳ್ಳಿಯವಳು, ಉರಿಗಾಂಗೆ ಹತ್ತಿರದ ರಾಬರ್ಟ್‌ಸನ್‌ಪೇಟೆಯಲ್ಲಿ ಬಾಡಿಗೆ ಕೋಣೆಯಲ್ಲಿದ್ದೆ. ಸಂಜೆ ಅಲ್ಲಿ ನನಗೂ ಮಾತಾಡಲು ಯಾರೂ ಇರುತ್ತಿರಲಿಲ್ಲ. ಹಾಗಾಗಿ ಹೋಗುತ್ತಿದ್ದೆ. ವಕೀಲೆಯೊಬ್ಬಳು ಬಂದರೆ ಯಾರೂ ಅನುಮಾನ ಪಡುವುದಿಲ್ಲ ಎಂದು ಅವರೂ ಒಪ್ಪಿದ್ದರು.

ಹನ್ನೊಂದು ಚೀಲಗಳು ಮನೆಯ ಅರ್ಧವನ್ನು ನುಂಗಿದ್ದವು. ಮಂಚ ಹಾಕಲು ಜಾಗವಿಲ್ಲದೆ ಅವರು ಚೀಲಗಳ ಸಾಲಿನ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು. ಮಳೆಗಾಲದಲ್ಲಿ ತಗಡಿನ ಸಂದಿನಿಂದ ಹನಿ ಬಿದ್ದರೆ ಚೀಲಕ್ಕೆ ಪ್ಲಾಸ್ಟಿಕ್ ಹೊದಿಸಿ ತಾವು ಒದ್ದೆಯಲ್ಲಿ ಕೂರುತ್ತಿದ್ದರು. ಬೇಸಿಗೆಯಲ್ಲಿ, ಗಣಿಯ ತ್ಯಾಜ್ಯ ಸುರಿದು ಬೆಳೆದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದು ಬೂದು ಬಣ್ಣದ ಧೂಳು ಒಳಗೆ ಬಂದರೆ ಮೊದಲು ಮುದ್ರೆಗಳನ್ನು ಒರೆಸುತ್ತಿದ್ದರು. ಇಲಿ ಕಡಿದೀತೆಂದು ಬೆಕ್ಕು ಸಾಕಿದರು. ಬೆಕ್ಕು ಚೀಲದ ಮೇಲೆಯೇ ಮರಿ ಹಾಕಿತು.

“ಕೋರ್ಟಿಗೆ ಏಳ್ಬೇಕಾ ಕಣ್ಣು, ಚೀಲ ಹನ್ನೊಂದು, ಮರಿ ನಾಲ್ಕು ಅಂತ?” ಎಂದು ಕೇಳಿದ್ದರು. ಅವರು ತಮಾಷೆ ಮಾಡಿದ್ದನ್ನು ಆ ವರ್ಷ ನಾನು ಕೇಳಿದ್ದು ಅದೊಂದೇ ಸಲ.

ಒಂದು ದಿನ ಮಧ್ಯಾಹ್ನವೇ ಹೋಗಿದ್ದೆ. ಹೊರಗಿನಿಂದ ಮಿಷನ್ ಓಡುವ ಸದ್ದು ಕೇಳಿಸಿತು. ಏನೋ ಹೊಲಿಗೆ ಬಂದಿರಬೇಕೆಂದು ಸಂತೋಷಪಟ್ಟು ಪರದೆ ಸರಿಸಿದೆ. ಮಿಷನ್ನಿನ ಮೇಲೆ ಬಟ್ಟೆ ಇರಲಿಲ್ಲ, ಸೂಜಿಯಲ್ಲಿ ದಾರವೂ ಇರಲಿಲ್ಲ. ಅವರು ಸುಮ್ಮನೆ ತುಳಿಯುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಲೂ ಇಲ್ಲ, ನಾಚಿಕೊಳ್ಳಲೂ ಇಲ್ಲ.

“ಸದ್ದು ನಿಂತ್ರೆ ನಾನು ಸತ್ತೋದೆ ಅಂತ ಅನ್ಕೊಂಡ್ಬುಟ್ರೆ?” ಎಂದರು. “ಕೇಳು.”

ಅವರು ಕಾಲು ನಿಲ್ಲಿಸಿದಾಗ ಬೇರೆ ಮನೆಗಳ ಮಿಷನ್‌ಗಳು ಕೇಳಿಸಿದವು. ಒಂದು ಹತ್ತಿರ, ಒಂದು ದೂರ, ಇನ್ನೊಂದು ಬಿಟ್ಟು ಬಿಟ್ಟು.

“ಗೋಡೆ ಆಚೆ ಪಾಪಕ್ಕ. ರವಿಕೆ ಒಲೀತವ್ಳೆ. ಅದು ಸುಮಲತ, ಮೂಲೆ ತಿರುಗಿಸ್ವಾಗ ನಿಲ್ಲಿಸ್ತಾಳೆ, ಎಷ್ಟು ಏಳಿದ್ರೂ ಆ ಬುದ್ಧಿ ಓಗಿಲ್ಲ. ಸುಕನ್ಯ ಮಿಷನ್‌ಗೆ ಎಣ್ಣೆ ಬಿಟ್ಟಿಲ್ಲ.”

ಸುಮಲತ ಅವರ ಮಗಳು ದೊಡ್ಡವಳಾದಾಗ ರಾಧಾಮಣಿಯವರನ್ನು ಆರತಿಗೆ ಕರೆಯಲು ಯಾರೂ ಬರಲಿಲ್ಲ. ಬೆಳಗ್ಗೆ ಬಾಗಿಲು ತೆಗೆದರೆ ಚಿಲಕಕ್ಕೆ ಸಿಹಿಯ ಪೊಟ್ಟಣ ಕಟ್ಟಿತ್ತು. ಇವರು ಹೇಳಿಕೊಟ್ಟ ಪಾಠವನ್ನು ಅವರು ಚೆನ್ನಾಗಿ ಕಲಿತಿದ್ದರು. ದಾರಿಯಲ್ಲಿ ಸಿಕ್ಕರೆ ಪಾಪಕ್ಕ ಮೊದಮೊದಲು ಕಣ್ಣಲ್ಲೇ ಏನೋ ಹೇಳುತ್ತಿದ್ದರಂತೆ. ಎರಡನೇ ವರ್ಷದಿಂದ ಅದೂ ನಿಂತಿತು.

ಕಾಂತರಾಜ್ ಬೇಗ ಬಿಡಿಸಿಕೊಂಡರು. ತಪ್ಪಾಯಿತೆಂದು ಕಂಪನಿಗೆ ಬರೆದುಕೊಟ್ಟು, ಕೇಳಿದ ಪರಿಹಾರ ಕಟ್ಟಿದರು. ಕಂಪನಿಗೂ ಬಂಗಾರಪೇಟೆಯಲ್ಲಿ ಒಂದು ಅಂಗಡಿ ಬೇಕಿತ್ತು. ಈಗ ಅವರ ಅಂಗಡಿಯ ಮುಂದೆ ನುಣುಪು ಬೆನ್ನಿನ ದೊಡ್ಡ ಅಳಿಲಿನ ಬೋರ್ಡಿದೆ, ಅವರೇ ಅಧಿಕೃತ ಮಾರಾಟಗಾರರು. ನಾನು ಇದನ್ನು ಹೇಳಿದಾಗ ರಾಧಾಮಣಿಯವರು ಸಿಟ್ಟು ಮಾಡಿಕೊಳ್ಳಲಿಲ್ಲ. “ಗೆರೆ ಇಲ್ಲ ಅಲ್ವಾ?” ಎಂದು ಮಾತ್ರ ಕೇಳಿದರು.

ಮೂರನೇ ವರ್ಷ ಕೋರ್ಟು ಎರಡೂ ಕಡೆಯವರನ್ನು ರಾಜಿಗೆ ಕರೆಯಿತು. ಬೆಳಗಿನ ರೈಲಿನಲ್ಲಿ ನಾನೂ ರಾಧಾಮಣಿಯವರ ಜೊತೆ ಬೆಂಗಳೂರಿಗೆ ಹೋದೆ. ಕಂಪನಿಯ ವಕೀಲೆ ಒಳ್ಳೆಯ ಮಾತಿನ ಹೆಂಗಸು. ಆಕೆಯ ಲೆಕ್ಕ ಸರಳವಾಗಿತ್ತು. ಇಷ್ಟು ಬ್ಯಾಗನ್ನು ಒಬ್ಬರೇ ಹೊಲಿದಿರಲು ಸಾಧ್ಯವಿಲ್ಲ. ಜೊತೆಗಿದ್ದವರ ಹೆಸರು ಕೊಟ್ಟರೆ ಅವರಿಂದಲೂ ಇನ್ನು ಮುಂದೆ ಮಾಡುವುದಿಲ್ಲವೆಂದು ಒಂದು ಮುಚ್ಚಳಿಕೆ ಬರೆಸಿಕೊಂಡು ಕೇಸನ್ನು ಅಂದೇ ಮುಗಿಸುತ್ತಾರೆ. ಯಾರಿಂದಲೂ ಪರಿಹಾರ ಕೇಳುವುದಿಲ್ಲ. ಯಾರನ್ನೂ ಶಿಕ್ಷಿಸುವ ಉದ್ದೇಶ ಕಂಪನಿಗಿಲ್ಲ, ಅಳಿಲನ್ನು ಮತ್ತೆ ಯಾರೂ ಹೊಲಿಯಬಾರದು, ಅಷ್ಟೇ.

“ಒಂದು ಸೈನ್ ಹಾಕಿದ್ರೆ ಸಾಕಾ ಮೇಡಂ? ಆಮೇಲೆ ಅವ್ರು ನಮ್ಮನೆಗೆ ಬರಬೌದಾ?” ಎಂದು ರಾಧಾಮಣಿ ಕೇಳಿದರು.

ವಕೀಲೆಗೆ ಪ್ರಶ್ನೆ ಅರ್ಥವಾಗಲಿಲ್ಲ. “ಯಾರು ಯಾರ ಮನೆಗೆ ಬೇಕಾದರೂ ಹೋಗಬಹುದಲ್ಲಮ್ಮ,” ಎಂದರು.

ರಾಧಾಮಣಿಯವರು ಎರಡು ವಾರದ ಸಮಯ ಕೇಳಿದರು. ವಾಪಸು ಬರುವಾಗ ರೈಲಿನಲ್ಲಿ ಅವರು ಬಹಳ ಮಾತಾಡಿದರು. ಮಿಷನ್‌ಗಳನ್ನು ಯಾವ ಕಡೆ ಮುಖ ಮಾಡಿ ಇಡಬೇಕು, ಸುಮಲತಳಿಗೆ ಕಿಟಕಿಯ ಜಾಗ ಕೊಡಬೇಕು, ಅವಳ ಕಣ್ಣು ಮಂಜಾಗಿರಬೇಕು. ಕಚೇರಿಗೆ ಹೋಗಲು ಬಂಗಾರಪೇಟೆಯಲ್ಲಿ ನಾನು ಇಳಿಯುವಾಗಲೂ ಮಾತು ಮುಗಿದಿರಲಿಲ್ಲ.

ಮಾರನೆಯ ದಿನ ಅವರು ಮೊದಲ ಸಲ ಪಾಪಕ್ಕನ ಬಾಗಿಲು ತಟ್ಟಿದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು, ಕಾಗದದ ವಿಷಯ ಬಿಡಿಸಿ ಹೇಳಲು. ಪಾಪಕ್ಕ ಒಳಗೆ ಕರೆದು ಕೂರಿಸಿ, ಬಾಗಿಲು ಹಾಕಿ, ನಾನು ಹೇಳಿದ್ದನ್ನೆಲ್ಲ ಕೇಳಿದರು. ವಯಸ್ಸಾದ ಹೆಂಗಸು, ಗಟ್ಟಿ ದನಿ. ಅವತ್ತು ಮಾತ್ರ ಮೆಲ್ಲಗೆ ಮಾತಾಡಿದರು.

“ರಾಧಾ, ಮೊಮ್ಮಗಂಗೆ ಫ್ಯಾಕ್ಟ್ರೀಲಿ ಕೆಲಸ ನೋಡ್ತವ್ರೆ. ಕೆಲಸ ಕೊಡೋಕೆ ಮುಂಚೆ ಪೊಲೀಸ್ನೋರು ಮನೆಗೆ ಬಂದು ವಿಚಾರಿಸ್ತಾರಂತೆ. ಅಂಥಾ ಟೈಮ್ನಾಗೆ ನನ್ನೆಸರು ಕೋರ್ಟ್ ಕಾಗದ್ದಾಗೆ ಯಾಕೆ?”

“ಇದು ಪೊಲೀಸ್ ಕೇಸಲ್ಲ ಅಜ್ಜಿ,” ಎಂದೆ ನಾನು. “ಬರೀ ಸಿವಿಲ್ ದಾವೆ. ಅವನ ಕೆಲಸಕ್ಕೆ ಏನೂ ಆಗಲ್ಲ.”

“ಅವತ್ತು ನಿಮ್ಮ ಹಿಂದೆ ಪೊಲೀಸ್ನೋರು ನಿಂತಿದ್ರಲ್ಲಮ್ಮಾ, ನಾನೇ ನೋಡಿದ್ನಲ್ಲ.”

ಅದಕ್ಕೆ ನನ್ನಲ್ಲಿ ಉತ್ತರವಿತ್ತು: ಅವರು ಬಂದದ್ದು ಕಮಿಷನರ್ ರಕ್ಷಣೆಗೆ ಎಂದೆ. ಪಾಪಕ್ಕ ತಲೆಯಾಡಿಸಿದರು, ನಂಬಲಿಲ್ಲ. ರಾಧಾಮಣಿಯವರ ಕೈ ಹಿಡಿದುಕೊಂಡು, “ನೀನು ಏಳಿದ್ರೆ ನಾನು ಇಲ್ಲ ಅನ್ನಲ್ಲ ಕಣೇ. ಆದ್ರೆ ಏಳ್ಬೇಡ,” ಎಂದರು.

“ಏಳಲ್ಲ ಬುಡಕ್ಕ,” ಎಂದರು ರಾಧಾಮಣಿ. ಸುಮಲತ, ಸುಕನ್ಯ ಅವರ ಮನೆಗಳಿಗೆ ಹೋಗಲೇ ಇಲ್ಲ.

ಎರಡು ವಾರ ಕಳೆದ ಮೇಲೆ ಬೆಂಗಳೂರಿಗೆ ಹೋಗಿ, ‘ನಾನೊಬ್ಬಳೇ ಹೊಲಿದದ್ದು’ ಎಂದು ರಾಧಾಮಣಿಯವರು ಮತ್ತೆ ಹೇಳಿದರು. ರಾಜಿ ಮುರಿಯಿತು. ಕೇಸು ಇನ್ನೂ ಒಂದು ವರ್ಷಕ್ಕೂ ಮೇಲೆ ಎಳೆಯಿತು. ಆ ವರ್ಷ ನಾನು ಹೋದಾಗ ಮಿಷನ್ನಿನ ಸದ್ದು ಕೇಳಿಸುತ್ತಿರಲಿಲ್ಲ. ಅದಕ್ಕೊಂದು ಹಳೆಯ ಸೀರೆ ಹೊದಿಸಿಟ್ಟಿದ್ದರು.

ಕೊನೆಗೆ ತೀರ್ಪು ಬಂತು. ರಾಧಾಮಣಿಯವರು ಇನ್ನೆಂದೂ ಯಾವುದೇ ಬ್ಯಾಗಿನ ಮೇಲೆ ಅಳಿಲಿನ ಚಿತ್ರ ಹಾಕುವಂತಿಲ್ಲ, ಗೆರೆ ಇರಲಿ ಇಲ್ಲದಿರಲಿ. ಕೊಡಲು ಏನೂ ಇಲ್ಲದವರೆಂದು ಕಂಪನಿ ಪರಿಹಾರದ ಕೋರಿಕೆಯನ್ನು ಕೈಬಿಟ್ಟಿತ್ತು. ಮೂರನೆಯ ಪ್ರತಿವಾದಿಯಾಗಿ ಯಾರೂ ಸಿಗದ ಕಾರಣ ಆ ಸಾಲನ್ನು ತೆಗೆಯಲಾಯಿತು. ಬ್ಯಾಗುಗಳನ್ನು ಸುಡಬೇಕೆಂದು ಕಂಪನಿ ಕೇಳಿತ್ತು. ಬೆಂಗಳೂರಿನ ಉಚಿತ ನೆರವಿನ ವಕೀಲರು ಬ್ಯಾಗುಗಳು ಗಟ್ಟಿಯಾಗಿವೆ, ಗುರುತು ಮಾತ್ರ ತೆಗೆದು ಸರ್ಕಾರಿ ಶಾಲೆಗೆ ಕೊಡಬಹುದು ಎಂದು ಕೇಳಿಕೊಂಡರು, ಕೋರ್ಟು ಒಪ್ಪಿತು. ಕಮಿಷನರ್ ಎದುರಿಗೆ, ಒಂದೇ ದಿನದಲ್ಲಿ, ಅದೇ ಮನೆಯಲ್ಲಿ ಅಳಿಲುಗಳನ್ನು ತೆಗೆಯಬೇಕು.

ವಿಜಯಕುಮಾರ್ ಮತ್ತೆ ಬಂದರು. ತಲೆಯಲ್ಲಿ ಬಿಳಿ ಕೂದಲು ಹೆಚ್ಚಿತ್ತು. ಈ ಸಲ ಹೇಳದೇ ಚಪ್ಪಲಿ ಬಿಟ್ಟರು. ಹನ್ನೊಂದು ಮುದ್ರೆಗಳನ್ನೂ ಬಗ್ಗಿ ನೋಡಿ, “ಬ್ಯಾಂಕಿನಲ್ಲೂ ಇಷ್ಟು ಚೆನ್ನಾಗಿ ಇಡಲ್ಲಮ್ಮ,” ಎಂದರು. ಕಂಪನಿಯಿಂದ ಬೇರೊಬ್ಬ ಪ್ರತಿನಿಧಿ ಬಂದಿದ್ದರು. ಚಿಕ್ಕ ವಯಸ್ಸಿನವರು, ಸಂಜೆಯ ರೈಲಿಗೆ ಹಿಂದಿರುಗಬೇಕಿತ್ತು.

ತೊಂದರೆ ಗೊತ್ತಾಗಿದ್ದು ಮೊದಲ ಚೀಲ ಬಿಚ್ಚಿದಾಗ. ಅಳಿಲು ಅಂಟಿಸಿದ ಚೀಟಿಯಲ್ಲ. ಜೇಬಿನ ಬಟ್ಟೆಯ ಮೇಲೇ ದಾರದಲ್ಲಿ ಮಾಡಿದ್ದು. ಬಟ್ಟೆ ಉಳಿಯಬೇಕಾದರೆ ಬ್ಲೇಡಿನಿಂದ ಒಂದೊಂದೇ ಎಳೆ ಬಿಡಿಸಬೇಕು. ರಾಧಾಮಣಿಯವರು ಮೊದಲ ಅಳಿಲಿನ ಬಾಲ ಬಿಡಿಸುವಷ್ಟರಲ್ಲಿ ಪ್ರತಿನಿಧಿ ಎರಡು ಸಲ ಗಡಿಯಾರ ನೋಡಿದರು.

“ಅಮ್ಮಾ, ಹೀಗೆ ಮಾಡಿದ್ರೆ ಒಂದು ತಿಂಗಳಾಗುತ್ತೆ. ಕತ್ತರೀಲಿ ಕತ್ತರಿಸಿಬಿಡಿ.”

“ಜೇಬು ತೂತಾಗುತ್ತೆ ಸಾರ್. ಮಕ್ಳು ಪೆನ್ಸಿಲ್ ಇಡ್ತಾರೆ.”

“ನಿಮ್ಮ ಹತ್ರ ಇವತ್ತೊಂದೇ ದಿನ ಇರೋದು.”

ವಿಜಯಕುಮಾರ್ ನನ್ನ ಕಡೆ ತಿರುಗಿ, “ಸಹಾಯಕ್ಕೆ ಯಾರನ್ನಾದರೂ ಕರೆಯಬಹುದು, ನನ್ನದೇನೂ ಅಡ್ಡಿಯಿಲ್ಲ. ಕೇಸು ಮುಗಿದಿದೆ,” ಎಂದರು. ನಾನು ಅದನ್ನು ತಮಿಳಿನಲ್ಲಿ ಎರಡು ಸಲ ಹೇಳಿದೆ, ಸರಿಯಾಗಿ ತಿಳಿಯಲಿ ಎಂದು.

ರಾಧಾಮಣಿಯವರು ಎದ್ದು ಪರದೆ ಸರಿಸಿ ಹೊಸ್ತಿಲ ಮೇಲೆ ನಿಂತರು. ಓಣಿಯಲ್ಲಿ ಮೂರು ಮನೆಗಳಿಂದಲೂ ಮಿಷನ್ ಸದ್ದು ಬರುತ್ತಿತ್ತು.

“ಪಾಪಕ್ಕಾ,” ಎಂದು ಕೂಗಿದರು.

ನಾಲ್ಕು ವರ್ಷಗಳಲ್ಲಿ ಆ ಓಣಿಯಲ್ಲಿ ಅವರು ದನಿ ಎತ್ತಿದ್ದು ಅದೇ ಮೊದಲು. ಗೋಡೆಯಾಚೆಯ ಮಿಷನ್ ನಿಂತಿತು. ಆಮೇಲೆ ಎದುರು ಸಾಲಿನದ್ದು ನಿಂತಿತು. ಮೂಲೆಯದ್ದೂ ನಿಂತಿತು. ಟ್ಯಾಂಕಿನ ಹತ್ತಿರ ನಮ್ಮ ಜೀಪು ನಿಂತಿದ್ದು ಎಲ್ಲರಿಗೂ ಕಾಣುತ್ತಿತ್ತು. ಯಾವ ಬಾಗಿಲೂ ತೆರೆಯಲಿಲ್ಲ. ಅವರು ಎರಡನೇ ಸಲ ಕೂಗಲಿಲ್ಲ. ಒಳಗೆ ಬಂದು ಬ್ಲೇಡನ್ನು ಕಾಗದದಲ್ಲಿ ಸುತ್ತಿಟ್ಟು, ಕತ್ತರಿ ಕೈಗೆ ತೆಗೆದುಕೊಂಡರು.

ನಾನೂ ಒಂದು ಕತ್ತರಿ ಹಿಡಿದೆ. ಸ್ವಲ್ಪ ಹೊತ್ತಿನ ಮೇಲೆ ವಿಜಯಕುಮಾರ್ ಕೋಟು ತೆಗೆದಿಟ್ಟು ಚೀಲಗಳಿಂದ ಬ್ಯಾಗು ಎತ್ತಿಕೊಡತೊಡಗಿದರು. ಕತ್ತರಿಸಿದ ಅಳಿಲುಗಳನ್ನು ಪ್ರತಿನಿಧಿ ಎಣಿಸಿ ಒಂದು ಕವರಿಗೆ ಹಾಕಿಕೊಳ್ಳುತ್ತಿದ್ದರು. ಸಂಜೆಯಾಗುವಷ್ಟರಲ್ಲಿ ಗೋಡೆಯ ಉದ್ದಕ್ಕೂ ಬ್ಯಾಗುಗಳು, ಪ್ರತಿಯೊಂದರ ಮುಂದೆ ಅಂಗೈಯಗಲದ ತೂತು. ಅಳಿಲುಗಳನ್ನು ಟ್ಯಾಂಕಿನ ಹಿಂದಿನ ಬಯಲಿನಲ್ಲಿ ಸುಟ್ಟದ್ದಾಯಿತು. ವಿಜಯಕುಮಾರ್ ವರದಿ ಬರೆದ ಮೇಲೆ ನನ್ನನ್ನು ಬಿಟ್ಟು ಜೀಪು ಹೊರಟಿತು.

ಜೀಪಿನ ಸದ್ದು ಅಡಗಿದ ಮೇಲೆ ಪಾಪಕ್ಕ ಬಂದರು. ಪರದೆ ಸರಿಸಿ ಹೊಸ್ತಿಲಲ್ಲೇ ನಿಂತು ಒಳಗೆಲ್ಲ ನೋಡಿದರು.

“ಓದ್ರಾ?”

“ಓದ್ರು. ಬಾ ಅಕ್ಕ.”

ಪಾಪಕ್ಕ ತಮ್ಮ ಮಿಷನ್ ಇರುತ್ತಿದ್ದ ಕಡೆಯೇ ಹೋಗಿ ನೆಲದ ಮೇಲೆ ಕುಳಿತರು. ಕೈಗೆ ಸಿಕ್ಕ ಬ್ಯಾಗಿನ ತೂತಿನಲ್ಲಿ ಬೆರಳು ತೂರಿಸಿ ನೋಡಿದರು. ರಾಧಾಮಣಿಯವರು ಕಾಫಿ ಮಾಡಿ ತಂದರು. ಕೂಗಿದ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

“ಮೊಮ್ಮಗಂಗೆ ಕೆಲಸ ಆಯ್ತಾ?”

“ಆಯ್ತು. ಈಗ ಅವ್ನ ಮನೆ ಕಡೆನೇ ಬಾ ಅಂತವ್ನೆ. ಮಗು ನೋಡ್ಕೊಳ್ಳೋಕೆ.”

“ಓಗ್ತೀಯಾ?”

“ಓಗ್ಬೇಕಲ್ಲ.”

ಪಾಪಕ್ಕ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ನಾಳೆ ಬತ್ತೀನಿ ಎಂದು ಎದ್ದರು.

ಮಾರನೆಯ ದಿನ ರಾಧಾಮಣಿಯವರು ನಾಲ್ಕು ಜನಕ್ಕಾಗುವಷ್ಟು ಹಾಲು ತಂದಿದ್ದರು. ಪಾಪಕ್ಕ ಬರಲಿಲ್ಲ. ಸುಮಲತ, ಸುಕನ್ಯ ದಾರಿಯಲ್ಲಿ ಸಿಕ್ಕಾಗ ಈಗ ಮಾತಾಡುತ್ತಾರೆ, ಊಟ ಆಯ್ತಾ ಎಂದು ಕೇಳುತ್ತಾರೆ, ಬರುತ್ತೇವೆ ಎನ್ನುತ್ತಾರೆ. ಅವರಿಗೆ ಕೋಪವಿಲ್ಲ, ಭಯವೂ ಈಗಿಲ್ಲ. ಮಧ್ಯಾಹ್ನದ ಹೊತ್ತನ್ನು ತಂತಮ್ಮ ಮನೆಯಲ್ಲೇ ಕಳೆಯುವುದು ಅವರಿಗೆ ರೂಢಿಯಾಗಿಬಿಟ್ಟಿದೆ. ಬರಬೇಡಿ ಎಂದು ಹೇಳಲು ಒಂದು ಕಾರಣವಿತ್ತು. ಬನ್ನಿ ಎಂದು ಹೇಳಲು ಈಗ ಏನೂ ಸಿಗುತ್ತಿಲ್ಲ ಎಂದು ರಾಧಾಮಣಿಯವರು ನನಗೆ ಹೇಳಿದರು.

ಶಾಲೆಗೆ ತೂತಿನ ಬ್ಯಾಗು ಕೊಡಲು ಅವರ ಮನಸ್ಸು ಒಪ್ಪಲಿಲ್ಲ. ಮಿಷನ್ನಿನ ಮೇಲಿದ್ದ ಸೀರೆ ತೆಗೆದು, ಎಣ್ಣೆ ಬಿಟ್ಟು, ಪ್ರತಿ ಬ್ಯಾಗಿನ ಜೇಬಿಗೂ ನೀಲಿ ಬಟ್ಟೆಯ ತೇಪೆ ಹಾಕಿದರು. ತೇಪೆಯ ಮೇಲೆ ಏನಾದರೂ ಚಿತ್ರ ಇರಲಿ, ಹೂವೋ ನಕ್ಷತ್ರವೋ ಎಂದು ನಾನೆಂದೆ. ಬೇಡ ಎಂದರು. ಆ ಕೆಲಸ ಮುಗಿಯಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಶಾಲೆಯ ಗಾಡಿ ಬಂದು ಬ್ಯಾಗುಗಳನ್ನು ಒಯ್ದ ದಿನ ಮನೆ ಒಮ್ಮೆಗೇ ದೊಡ್ಡದಾಯಿತು. ಮಂಚವನ್ನು ಮತ್ತೆ ಹಾಕಿಕೊಂಡರು. ಅಂದು ರಾತ್ರಿ ನಿದ್ದೆ ಬರಲಿಲ್ಲವೆಂದು, ಚೀಲಗಳಿದ್ದ ಕಡೆಗೆ ಚಾಪೆ ಹಾಸಿಕೊಂಡು ಮಲಗಿದೆನೆಂದು ಆಮೇಲೆ ಹೇಳಿದರು.

ಮನೆಯಲ್ಲಿ ಕೂರಲಾರದೆ ಅವರು ಹೊರಗೆ ಕೆಲಸ ಹುಡುಕಿಕೊಂಡರು. ಈಗ ರಾಧಾಮಣಿಯವರು ಬೆಳಗಿನ ರೈಲಿನಲ್ಲಿ ಉರಿಗಾಂನಿಂದ ಬಂಗಾರಪೇಟೆಗೆ ಬಂದು, ಬಸ್ ನಿಲ್ದಾಣದ ಎದುರು ಒಂದು ಮಿಷನ್ ಇಟ್ಟುಕೊಂಡು ಹಳೆಯ ಬ್ಯಾಗುಗಳಿಗೆ ಜಿಪ್ ಹಾಕಿಕೊಡುತ್ತಾರೆ.